ಸೋಮಾರಿ ಡಯಲ್

ಸಾರ್ ತೀರಿಕೊಂಡ ಮೂರನೆಯ ದಿನ ಕೊಚ್ಚಿಯ ಕಚೇರಿಯಿಂದ ಫೋನ್ ಬಂತು. ಶ್ರದ್ಧಾಂಜಲಿ ಸಭೆಗೆ ಅವರದೊಂದು ಒಳ್ಳೆಯ ಫೋಟೊ ಬೇಕಂತೆ, ನನ್ನ ಹತ್ತಿರ ಇದ್ದೇ ಇರುತ್ತದಂತೆ. ನಾನೂ ಹಾಗೇ ಎಂದುಕೊಂಡು ಮೊಬೈಲ್ ತೆಗೆದೆ. ಒಂಬತ್ತು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು, ಫೋಟೊಗಳಿಗೇನು ಬರ? ನೂರಾರು ಇದ್ದವು. ಎಲ್ಲದರಲ್ಲೂ ಸೇತುವೆ ಬಹಳ ಚೆನ್ನಾಗಿ ಬಂದಿತ್ತು. ಸಾರ್ ಮಾತ್ರ ಒಂದರಲ್ಲಿ ಬರೀ ಬೆನ್ನು, ಇನ್ನೊಂದರಲ್ಲಿ ಸೇತುವೆಯ ಎರಡು ಗರ್ಡರುಗಳ, ಎಂದರೆ ತೊಲೆಗಳ, ಸಂದಿಗೆ ತಲೆ ತೂರಿಸಿ ನಿಂತ ಅರ್ಧ ದೇಹ, ಮತ್ತೊಂದರಲ್ಲಿ ಒಂದು ಕಪ್ಪು ಕೊಡೆ. ಮುಖ ಸರಿಯಾಗಿ ಕಂಡದ್ದು ಒಂದೇ ಒಂದು ಫೋಟೊದಲ್ಲಿ, ಅದರಲ್ಲಿ ಬಾಯಿ ತುಂಬ ಅಕ್ಕಿಹಿಟ್ಟಿನ ಪುಟ್ಟು ಇತ್ತು. ಅದನ್ನೇ ಕಳಿಸಿದೆ. ಸಭೆಯಲ್ಲಿ ಅದಕ್ಕೇ ಹಾರ ಹಾಕಿದರಂತೆ.

ನಮ್ಮದು ಸೇತುವೆಗಳನ್ನು ಪರೀಕ್ಷೆ ಮಾಡುವ ಸಂಸ್ಥೆ. ಮುಖ್ಯ ಕಚೇರಿ ತಿರುವನಂತಪುರದಲ್ಲಿ. ಕೊಚ್ಚಿಯ ಶಾಖೆಗೆ ಎಡಪ್ಪಳ್ಳಿಯಲ್ಲಿ ಎರಡು ಕೋಣೆ, ಕಳಮಶ್ಶೇರಿಯಲ್ಲಿ ಒಂದು ಹಳೆಯ ಶೆಡ್ಡಿನಲ್ಲಿ ಪ್ರಯೋಗಾಲಯ. ಸಾರ್ ಆ ಶಾಖೆಯ ಮುಖ್ಯಸ್ಥರು. ಅವರು ಕಾಸರಗೋಡಿನ ಕಡೆಯವರು, ನಾನು ಮಂಡ್ಯದವಳು. ಕೆಲಸಕ್ಕೆ ಸೇರಿದ ದಿನ ನಾನು ರಾತ್ರಿಯೆಲ್ಲ ಉರುಹೊಡೆದ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳುತ್ತಿದ್ದರೆ ಅವರು ನನ್ನ ಅರ್ಜಿ ನೋಡಿ ಕೈ ಎತ್ತಿದರು.

“ನಿಲ್ಲು, ನಿಲ್ಲು. ಮಂಡ್ಯದವಳಾ ನೀನು? ಮತ್ತೆ ಎಂತಕ್ಕೆ ಇಷ್ಟು ಕಷ್ಟಪಡುದು? ಊಟ ಆಯ್ತಾ?”

“ಇಲ್ಲ ಸಾ,” ಎಂದೆ.

“ಹಾಗಾದ್ರೆ ಮೊದಲು ಊಟ ಮಾಡುವ. ಹಸಿದವರ ಕೈಯಲ್ಲಿ ಕೆಲಸ ಕೊಟ್ರೆ ರೀಡಿಂಗ್ ತಪ್ಪು ಬರ್ತದೆ.”

ಅವರ ಪಾಠಗಳೆಲ್ಲ ತಟ್ಟೆಯ ಮುಂದೆಯೇ ಆಗುತ್ತಿದ್ದವು. ಕಾಂಕ್ರೀಟನ್ನು ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ್ದೆ, ಅರ್ಥವಾದದ್ದು ಮಾತ್ರ ಕಳಮಶ್ಶೇರಿಯ ಕ್ಯಾಂಟೀನಿನಲ್ಲಿ. “ನೋಡು ಮಾರಾಯ್ತಿ, ಪುಟ್ಟೂ ಕಾಂಕ್ರೀಟೂ ಒಂದೇ ಜಾತಿ. ನೀರು ಹೆಚ್ಚಾದ್ರೆ ಮುದ್ದೆ, ಕಮ್ಮಿಯಾದ್ರೆ ಉದುರ್ತದೆ. ಸುಮ್ಮನೆ ಸುರಿದ್ರೆ ಒಳಗೆ ಪೊಳ್ಳು,” ಎನ್ನುತ್ತ ಹಬೆಯಲ್ಲಿ ಬೆಂದ ಕೊಳವೆಯಾಕಾರದ ಪುಟ್ಟನ್ನು ಅಡ್ಡಕ್ಕೆ ಸೀಳಿ, ತೆಂಗಿನತುರಿಯ ಪಕ್ಕದ ಒಂದು ತೂತನ್ನು ಚಮಚದ ಹಿಡಿಯಿಂದ ತೋರಿಸುತ್ತಿದ್ದರು. ಕಡಲೆಕರಿ ಆರಿ ಅಂಟಾಗುತ್ತಿತ್ತು. ಕ್ಯಾಂಟೀನಿನ ಚೇಚಿ, ಎಂದರೆ ಅಡುಗೆಯ ಅಕ್ಕ, ದೂರದಿಂದ ನೋಡಿ ನೋಡಿ ಸಾಕಾಗಿ, “ಸಾರೇ, ಅದು ಪರೀಕ್ಷೆ ಮಾಡಲಿಕ್ಕಲ್ಲ, ತಿನ್ನಲಿಕ್ಕೆ,” ಎಂದು ಮಲಯಾಳದಲ್ಲಿ ಗದರುತ್ತಿದ್ದಳು. ಅವರು ತಲೆ ತಗ್ಗಿಸಿ ತಿನ್ನುತ್ತಿದ್ದರು.

ಸೇತುವೆ ಕಟ್ಟುವಾಗ ಅದೇ ಕಾಂಕ್ರೀಟಿನಿಂದ ಗೇಣುದ್ದದ ಚೌಕಾಕಾರದ ಕ್ಯೂಬುಗಳನ್ನೂ ಮಾಡಿ, ನಾಲ್ಕು ವಾರ ನೀರಿನಲ್ಲಿಟ್ಟು ಕ್ಯೂರ್ ಮಾಡಿ, ಯಂತ್ರದಲ್ಲಿ ಒಡೆದು ಶಕ್ತಿ ನೋಡುವುದು ಪದ್ಧತಿ. ಕಂಟ್ರಾಕ್ಟರುಗಳು ಕ್ಯೂಬು ಗಟ್ಟಿ ಬಂದಿದೆ ಎಂದು ಕುಣಿಯುತ್ತ ಬಂದರೆ ಸಾರ್ ಮಾತ್ರ ಕರಗುತ್ತಿರಲಿಲ್ಲ. “ಕ್ಯೂಬು ಅಂದ್ರೆ ಮದುವೆ ಗಂಡಿನ ಫೋಟೊ. ಪೌಡರ್ ಹಾಕಿ ತೆಗೆಸಿದ್ದು. ಗಂಡು ಅಲ್ಲಿ ಹೊಳೆಯ ಮೇಲೆ ನಿಂತಿದ್ದಾನೆ, ಅವನನ್ನು ನೋಡುವ,” ಎಂದು ಕೊಡೆ ಹಿಡಿದು ಹೊರಟುಬಿಡುತ್ತಿದ್ದರು. ಒಡೆದ ಕ್ಯೂಬುಗಳಿಂದಲೇ ಪ್ರಯೋಗಾಲಯದ ಮುಂದೆ ಮೆಟ್ಟಿಲು ಮಾಡಿಸಿದ್ದರು, ಒಂದು ಮಲ್ಲಿಗೆ ಗಿಡಕ್ಕೆ ಕಟ್ಟೆಯನ್ನೂ.

ಗಂಡು ನೋಡುವ ಶಾಸ್ತ್ರವೂ ಅವರದು ವಿಚಿತ್ರ. ಯಂತ್ರಗಳೆಲ್ಲ ಇದ್ದವು. ಕಾಂಕ್ರೀಟಿನೊಳಗೆ ಶಬ್ದ ಕಳಿಸಿ ಬಿರುಕು ಹುಡುಕುವ ಯಂತ್ರ, ಸರಳು ಎಲ್ಲಿದೆ ಎಂದು ತೋರಿಸುವ ಯಂತ್ರ, ತಂತಿಯೇ ಇಲ್ಲದೆ ಲ್ಯಾಪ್‌ಟಾಪಿಗೆ ಸುದ್ದಿ ಮುಟ್ಟಿಸುವ ಸೆನ್ಸರುಗಳು. ಅವನ್ನೆಲ್ಲ ಹಾಕಿಸುತ್ತಿದ್ದರು, ನೋಡುತ್ತಲೂ ಇದ್ದರು. ಆಮೇಲೆ ಜೇಬಿನಿಂದ ಒಂದು ಪುಟ್ಟ ಸುತ್ತಿಗೆ ತೆಗೆದು ಟಕ್ ಟಕ್ ಎಂದು ಬಡಿದು ಕಿವಿಯಿಡುತ್ತಿದ್ದರು. ಗಟ್ಟಿ ಕಾಂಕ್ರೀಟಿನ ದನಿ ಬೇರೆ, ಪೊಳ್ಳಿನ ದನಿ ಬೇರೆ. ಆ ಕೈ ಎಲ್ಲಿಯೂ ಸುಮ್ಮನಿರುತ್ತಿರಲಿಲ್ಲ. ಸಹೋದ್ಯೋಗಿಯೊಬ್ಬನ ಮದುವೆಗೆ ಹೋದಾಗ, ಮುಹೂರ್ತಕ್ಕೆ ಇನ್ನೂ ಹೊತ್ತಿದೆ ಎಂದು ಕಲ್ಯಾಣ ಮಂಟಪದ ಕಂಬವನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಅಷ್ಟಕ್ಕೇ ಬಿಟ್ಟರೆ ಆಗುತ್ತಿತ್ತು. ಹೆಣ್ಣಿನ ತಂದೆಯನ್ನು ಕರೆದು, ಭಯಪಡಬೇಡಿ, ಪೊಳ್ಳಾಗಿರುವುದು ಗಾರೆ ಮಾತ್ರ, ಒಳಗಿನ ಕಂಬ ಗಟ್ಟಿ ಇದೆ ಎಂದು ಸಮಾಧಾನ ಹೇಳಿದರು. ಆ ಮನುಷ್ಯ ತಾಳಿ ಕಟ್ಟುವ ತನಕ ಕಂಬವನ್ನೇ ನೋಡುತ್ತಿದ್ದ.

ಸೇತುವೆ ಅಲುಗುತ್ತದೆ ಎಂದು ದೂರು ಕೊಟ್ಟವರಿಗೂ ಅವರದು ಇದೇ ಬಗೆಯ ಸಮಾಧಾನ. ಒಮ್ಮೆ ಪಂಚಾಯತಿ ಸದಸ್ಯೆಯೊಬ್ಬರು ಬಸ್ಸು ಹೋದಾಗಲೆಲ್ಲ ನಮ್ಮ ಸೇತುವೆ ನಡುಗುತ್ತದೆ ಎಂದು ಕಚೇರಿಗೇ ಬಂದಿದ್ದರು. ಸಾರ್ ಅವರಿಗೆ ಚಾಯ ತರಿಸಿ ಕೇಳಿದರು: “ಮೊಮ್ಮಗ ಓಡಿಬಂದು ನಿಮ್ಮ ತೊಡೆಯ ಮೇಲೆ ಕೂತರೆ ನೀವು ಅಲುಗುವುದಿಲ್ಲವೇ? ಅಲುಗುತ್ತೀರಿ, ಆಮೇಲೆ ಸರಿಯಾಗಿ ಕೂರುತ್ತೀರಿ. ಸೇತುವೆಯೂ ಹಾಗೇ.” ಆಕೆ ನಗುತ್ತಲೇ ಹೋದರು. ಸಾರ್ ಮಾತ್ರ ಮರುದಿನ ನನ್ನನ್ನೂ ಕರೆದುಕೊಂಡು ಆ ಸೇತುವೆಯ ಕೆಳಗೆ ಮೂರು ಗಂಟೆ ನಿಂತಿದ್ದರು.

ಈಗ ಲೋಡ್ ಟೆಸ್ಟಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಅರ್ಥವಾಗುವುದಿಲ್ಲ. ಹೊಸ ಸೇತುವೆಯ ಮೇಲೆ ಜಲ್ಲಿ ತುಂಬಿದ ಲಾರಿಗಳನ್ನು ಒಂದಿಡೀ ದಿನ ನಿಲ್ಲಿಸುತ್ತೇವೆ. ಸೇತುವೆ ಕೆಲವು ಮಿಲಿಮೀಟರಿನಷ್ಟು ಬಗ್ಗುತ್ತದೆ. ಲಾರಿ ತೆಗೆದ ಮೇಲೆ ಇನ್ನೊಂದು ದಿನ ಕಾಯುತ್ತೇವೆ. ಬಗ್ಗಿದ್ದು ಎಷ್ಟು ಎದ್ದು ಬಂತು ಎನ್ನುವುದರ ಮೇಲೆ ಪಾಸು, ನಪಾಸು. “ಬಗ್ಗುದು ತಪ್ಪಲ್ಲ, ಎದ್ದು ಬರದೇ ಇರುದು ತಪ್ಪು,” ಎಂದು ಸಾರ್ ಹೇಳುತ್ತಿದ್ದದ್ದು ಇದನ್ನೇ. ಇಷ್ಟು ಸಣ್ಣದನ್ನು ಅಳೆಯುವುದಕ್ಕೆ ಸೇತುವೆಯ ಕೆಳಗೆ ಪೈಪುಗಳ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಗಡಿಯಾರದಂಥ ಡಯಲುಗಳನ್ನು ಕೂರಿಸುತ್ತೇವೆ. ಡಯಲಿನ ಮೊನೆ ಗರ್ಡರಿನ ಹೊಟ್ಟೆಗೆ ತಾಗಿರುತ್ತದೆ. ಸೇತುವೆ ಕೂದಲೆಳೆಯಷ್ಟು ಇಳಿದರೂ ಮುಳ್ಳು ಓಡುತ್ತದೆ.

ಸಾರ್ ಎಲ್ಲ ಡಯಲುಗಳನ್ನೂ ಗರ್ಡರಿಗೆ ಕೊಡುತ್ತಿರಲಿಲ್ಲ. ಒಂದನ್ನು ಮಾತ್ರ ಅದೇ ಚೌಕಟ್ಟಿನಿಂದ ಪಕ್ಕದ ಕಲ್ಲಿನಂಥ ಪಿಯರಿಗೆ, ಎಂದರೆ ಸೇತುವೆ ಹೊತ್ತು ನಿಂತ ಕಂಬಕ್ಕೆ ತಾಗಿಸುತ್ತಿದ್ದರು. ಪಿಯರು ಅಲುಗುವುದಿಲ್ಲ. ಹಾಗಾಗಿ ಆ ಡಯಲಿನ ಮುಳ್ಳೂ ಎರಡು ದಿನ ಇದ್ದಲ್ಲೇ ಇರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಸೋಮಾರಿ. ಗಂಟೆಗೊಮ್ಮೆ ಅದರ ಸೊನ್ನೆಯನ್ನೂ ನಾವು ಶ್ರದ್ಧೆಯಿಂದ ಬರೆಯಬೇಕು. “ಸೋಮಾರಿ ಎದ್ದು ನಡೆದ ಅಂತಾದ್ರೆ ಪಿಯರ್ ನಡೆದದ್ದಲ್ಲ, ನಮ್ಮ ಪೈಪು ನಡೆದದ್ದು. ಮತ್ತೆ ಉಳಿದವರು ಹೇಳಿದ್ದೆಲ್ಲ ಸುಳ್ಳು,” ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸವೂ ಇತ್ತು. ಪ್ರತಿ ವರದಿಯ ಕೊನೆಗೆ ಒಂದು ಪುಟ, ನಾವು ಮಾಡಿದ ತಪ್ಪುಗಳು ಎಂದು. ಒಂದು ಲಾರಿಯಲ್ಲಿ ಎರಡು ಬುಟ್ಟಿ ಜಲ್ಲಿ ಕಮ್ಮಿಯಿತ್ತು, ಆಮೇಲೆ ಹಾಕಿದೆವು. ಮೂರನೆಯ ಡಯಲಿಗೆ ಶಾಖೆಯ ಮುಖ್ಯಸ್ಥರ ಕೊಡೆ ತಾಗಿತು, ಆ ಗಂಟೆಯ ರೀಡಿಂಗ್ ಬಿಟ್ಟಿದ್ದೇವೆ. ಇಂಥವು. ಸೇತುವೆಯ ಹುಳುಕು ಹುಡುಕಿ ಎಂದರೆ ನಿಮ್ಮ ಹುಳುಕನ್ನೇಕೆ ಬರೆಯುತ್ತೀರಿ ಎಂದು ಕೆಲಸ ಕೊಟ್ಟವರು ಕೇಳುತ್ತಿದ್ದರು. ಆ ಪುಟವನ್ನು ನಿಲ್ಲಿಸಿ ಎಂದು ತಿರುವನಂತಪುರದಿಂದ ಎರಡು ಸಲ ಪತ್ರ ಬಂದಿತ್ತು. ಸಾರ್ ಎರಡಕ್ಕೂ ವಿನಯವಾಗಿ ಉತ್ತರ ಬರೆದು, ಪುಟವನ್ನು ಹಾಗೇ ಮುಂದುವರಿಸಿದರು.

ಅವರಿಗೆ ಇದ್ದದ್ದು ಒಂದೇ ಆಸೆ. ತಿರುವನಂತಪುರದಲ್ಲಿ ಸಂಸ್ಥೆ ದೊಡ್ಡ ಪ್ರಯೋಗಾಲಯ ಕಟ್ಟುತ್ತಿತ್ತು. ಇಡೀ ಗರ್ಡರನ್ನೇ ಒಳಗೆ ತಂದು, ಬಗ್ಗಿಸಿ, ಮುರಿದು ನೋಡಬಹುದಾದಂಥದ್ದು. ನಿವೃತ್ತಿಯಾದ ಮೇಲೆ ಮೂರು ವರ್ಷ ಅದರ ಮುಖ್ಯಸ್ಥರಾಗಿ ಸಾರನ್ನೇ ಇಟ್ಟುಕೊಳ್ಳುವುದು ಎಂದು ಮಾತಾಗಿತ್ತು, ಆದೇಶಕ್ಕೆ ಸಹಿಯೊಂದು ಬಾಕಿ. “ಇಷ್ಟು ವರ್ಷ ಮುರಿಯಬಾರದು ಅಂತ ಕಾದದ್ದಾಯ್ತು. ಒಂದನ್ನಾದ್ರೂ ಪೂರ್ತಿ ಮುರಿದು ನೋಡ್ಬೇಕು ಮಾರಾಯ್ತಿ,” ಎಂದು ಮಕ್ಕಳು ಆಟಿಕೆಯ ವಿಷಯ ಹೇಳುವ ಹಾಗೆ ಹೇಳುತ್ತಿದ್ದರು. ನಿವೃತ್ತಿಗೆ ಆರು ವಾರವಿದ್ದಾಗ ಆ ಕಟ್ಟಡದ ನಕ್ಷೆ ನೋಡಲು ತಿರುವನಂತಪುರಕ್ಕೆ ಹೋದರು. ಅದೇ ವಾರ ಕೊಚ್ಚಿಯ ಅಂಚಿನಲ್ಲಿ, ಹಿನ್ನೀರಿನ ನಡುವಿನ ಒಂದು ಸಣ್ಣ ದ್ವೀಪಕ್ಕೆ ಕಟ್ಟಿದ ಸೇತುವೆಯ ಲೋಡ್ ಟೆಸ್ಟ್ ಇತ್ತು. ಅದನ್ನು ನನಗೆ ಒಪ್ಪಿಸಿದರು. ನಾನೊಬ್ಬಳೇ ನಿಂತು ಮಾಡಿಸಿದ ಮೊದಲ ಟೆಸ್ಟ್ ಅದು.

ಬೆಳಗ್ಗೆ ಡಯಲುಗಳನ್ನು ಕೂರಿಸುವಾಗ ಒಂದರ ಮುಳ್ಳು ಸಿಕ್ಕಿಕೊಂಡಿತು. ಮಧ್ಯದ ಗರ್ಡರಿಗೆ ಡಯಲಿಲ್ಲ. ಕಳಮಶ್ಶೇರಿಯಿಂದ ಇನ್ನೊಂದು ತರಿಸಲು ಅರ್ಧ ದಿನ ಬೇಕು, ಲಾರಿಗಳು ಆಗಲೇ ಸಾಲಾಗಿ ನಿಂತಿವೆ. ನನ್ನ ಕಣ್ಣು ಸೋಮಾರಿಯ ಮೇಲೆ ಬಿತ್ತು. ಸುಮ್ಮನೆ ಕೂತಿರುವವನನ್ನು ಕೆಲಸಕ್ಕೆ ಹಚ್ಚಿದರೆ ತಪ್ಪೇನು ಎನ್ನಿಸಿತು. ಪಿಯರಿನಿಂದ ತೆಗೆದು ಗರ್ಡರಿಗೆ ಕೂರಿಸಿದೆ. ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ಒಳಗೊಳಗೇ ಹಿಗ್ಗಿದೆ ಕೂಡ. ಸಂಜೆ ಸಾರ್ ಫೋನ್ ಮಾಡಿ, “ಎಲ್ಲ ಸರಿ ಉಂಟಾ?” ಎಂದರು. “ಎಲ್ಲಾ ಸರಿಯಾಗಿದೆ ಸಾ,” ಎಂದೆ.

ಫಲಿತಾಂಶ ಅದ್ಭುತವಾಗಿ ಬಂತು. ಬಗ್ಗಿದ್ದೆಲ್ಲ ಹೆಚ್ಚುಕಮ್ಮಿ ಪೂರ್ತಿ ಎದ್ದು ಬಂದಿತ್ತು. ವರದಿಯನ್ನು ತಿರುವನಂತಪುರದಲ್ಲಿದ್ದ ಸಾರಿಗೆ ಕಳಿಸಿದೆ. “ಇಷ್ಟು ಒಳ್ಳೆ ಹುಡುಗ ಇರ್ಲಿಕ್ಕುಂಟಾ?” ಎಂದು ನಗುತ್ತ, ಅಲ್ಲಿಂದಲೇ ಸಹಿ ಹಾಕಿ ಮುಂದಕ್ಕೆ ಕಳಿಸಿದರು. ಸೇತುವೆಯ ಉದ್ಘಾಟನೆಗೆ ದಿನ ಗೊತ್ತಾಯಿತು. ದ್ವೀಪದವರು ಬಾಳೆಗೊನೆ ಕಟ್ಟಲು ಜಾಗ ನೋಡಿಕೊಂಡರು.

ನಾಲ್ಕು ದಿನದ ಮೇಲೆ ಪೈಪು ಬಿಚ್ಚಿಸಲು ಹೋದೆ. ನೀರು ಇಳಿದ ಹೊತ್ತು. ದ್ವೀಪಕ್ಕೆ ದೋಣಿ ನಡೆಸುವ ಚೇಟ್ಟನ್, ನಮ್ಮ ಮಾತಿನಲ್ಲಿ ಅಣ್ಣ, ದಡದಲ್ಲಿ ಕೂತಿದ್ದ. ನಮ್ಮ ಚೌಕಟ್ಟನ್ನು ಗದ್ದದಿಂದ ತೋರಿಸಿ, “ತಾಣು ಮೋಳೇ, ತಾಣು,” ಎಂದ. ಇಳಿದುಹೋಯಿತು ಮಗಳೇ ಎಂದರ್ಥ. ಹೇಗೆ ಗೊತ್ತು ಎಂದೆ. ಪೈಪಿನ ಕಾಲು ಕೆಸರಿಗೆ ಇಳಿಯದಿರಲೆಂದು ನಾವು ಕೆಳಗೆ ಹಲಗೆ ಕೊಟ್ಟಿದ್ದೆವು. ಅವನು ದಿನವೂ ನೀರಿಳಿದಾಗ ಆ ಹಲಗೆಯ ಮೇಲೆಯೇ ನಿಂತು ಕಾಲು ತೊಳೆಯುತ್ತಿದ್ದನಂತೆ, ಟೆಸ್ಟಿನ ಎರಡು ದಿನವೂ ಸೇರಿ. ಈಗ ಹಲಗೆಯೇ ಕಾಣುವುದಿಲ್ಲವಂತೆ.

ನಾನು ಚಪ್ಪಲಿ ಬಿಟ್ಟು ಇಳಿದೆ. ಕೈಯಿಂದ ಕೆಸರು ಬಗೆದರೆ ಹಲಗೆ ಬೆರಳ ಗೆಣ್ಣಿನಷ್ಟು ಆಳದಲ್ಲಿ ಸಿಕ್ಕಿತು. ಹಲಗೆ ಇಳಿದರೆ ಪೈಪು ಇಳಿಯುತ್ತದೆ, ಪೈಪಿನ ಜೊತೆ ಡಯಲೂ ಇಳಿಯುತ್ತದೆ. ತಾನು ಇಳಿದೆನೆಂದು ಡಯಲಿಗೆ ಗೊತ್ತಾಗುವುದಿಲ್ಲ, ಸೇತುವೆ ಮೇಲೆದ್ದಿತು ಎಂದೇ ತೋರಿಸುತ್ತದೆ. ಆ ಎರಡು ದಿನದಲ್ಲಿ ಎಷ್ಟು ಇಳಿಯಿತು, ಆಮೇಲೆ ಎಷ್ಟು ಇಳಿಯಿತು, ಹೇಳುವವರಿಲ್ಲ. ಹೇಳಬೇಕಾಗಿದ್ದವನು ಸೋಮಾರಿ, ಅವನನ್ನು ನಾನು ಬೇರೆ ಕಡೆ ಕಳಿಸಿದ್ದೆ. ಇನ್ನು ಆ ಸೇತುವೆ ಪಾಸೋ ನಪಾಸೋ ಯಾರಿಗೂ ಗೊತ್ತಿಲ್ಲ, ಅದರ ಮೇಲೆ ಶಾಲೆಯ ಬಸ್ಸು ಹೋಗುವುದಕ್ಕೆ ಹತ್ತು ದಿನವಿದೆ.

ಎಡಪ್ಪಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತು ಸುಮ್ಮನಿದ್ದುಬಿಡೋಣ ಎಂದು ಯೋಚಿಸಿದ್ದು ನಿಜ. ಗೊತ್ತಿರುವವನು ದೋಣಿಯವನೊಬ್ಬ. ಸೇತುವೆಯಾದರೆ ಕೆಲಸ ಕಳೆದುಕೊಳ್ಳುವವನ ಮಾತು ಯಾರು ಕೇಳುತ್ತಾರೆ? ಸಾರ್ ಆ ದಿನವೇ ತಿರುವನಂತಪುರದಿಂದ ಮರಳಿದ್ದರು. ನಾನು ಬಾಗಿಲಲ್ಲಿ ನಿಂತದ್ದನ್ನೂ ಉಗುರಿನ ಕೆಸರನ್ನೂ ನೋಡಿ ಕನ್ನಡಕ ತೆಗೆದಿಟ್ಟರು. ಎಲ್ಲ ಹೇಳಿದೆ. ಅವರು ನಡುವೆ ಒಂದೇ ಮಾತು ಕೇಳಿದರು.

“ಸೋಮಾರಿಯನ್ನು ಎಲ್ಲಿಗೆ ಕಳಿಸಿದೆ?”

“ನಡು ಗರ್ಡರಿಗೆ ಸಾ.”

ಬೈದರು. ಆ ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ದನಿಯೆತ್ತಿ ಬೈದದ್ದು ಅದೊಂದೇ ಸಲ, ಪಕ್ಕದ ಕೋಣೆಯ ಟೈಪು ಮಾಡುವ ಸದ್ದು ನಿಂತುಹೋಗುವ ಹಾಗೆ. ನಾನು ಅಳುತ್ತ, ರಾಜೀನಾಮೆ ಕೊಡ್ತೀನಿ ಸಾ ಎಂದೆ.

“ಎಂತ ರಾಜೀನಾಮೆ? ನೀನು ಮನೆಗೆ ಹೋದ್ರೆ ಹಲಗೆ ಮೇಲೆ ಬರ್ತದಾ? ಮುಖ ತೊಳ್ಕೊಂಡು ಬಾ. ನಾಳೆ ಬೆಳಗಿನ ರೈಲಿಗೆ ಇಬ್ಬರೂ ಹೋಗುವ. ವರದಿ ವಾಪಸು ತಕ್ಕೊಳ್ಬೇಕು.”

ರೈಲಿನಲ್ಲಿ ಅವರು ಪಳಂಪೊರಿ, ಎಂದರೆ ಬಾಳೆಹಣ್ಣಿನ ಬಜ್ಜಿ, ತಿಂದರು, ನನಗೂ ತಿನ್ನಿಸಿದರು. “ಸಾ, ನಿಮ್ಮ ಲ್ಯಾಬು?” ಎಂದೆ.

“ಲ್ಯಾಬ್ ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ತಿ. ಅದಕ್ಕೆ ಒಳ್ಳೆ ಅಡಿಪಾಯ ಉಂಟು, ನಾನೇ ನೋಡಿ ಬಂದಿದ್ದೇನೆ.”

ಆದರೆ ಆಮೇಲೆ ಕೊಲ್ಲಂ ದಾಟುವ ತನಕ ಅವರು ದಾರಿಯಲ್ಲಿ ಎಷ್ಟು ಸೇತುವೆ ಬಂದರೂ ತಲೆಯೆತ್ತಿ ನೋಡಲಿಲ್ಲ. ಅದನ್ನು ಕಂಡಾಗ ನನಗಾದ ಸಂಕಟ ಅವರ ಬೈಗುಳದಿಂದಲೂ ಆಗಿರಲಿಲ್ಲ. ಕೊನೆಗೆ ನಾನೇ ಕೇಳಿದೆ, ತಪ್ಪು ಯಾರದು ಎಂದು ಮುಖ್ಯ ಕಚೇರಿಯವರು ಕೇಳಿದರೆ ಏನು ಹೇಳುವುದು ಸಾ ಎಂದು.

“ನಿನ್ನದನ್ನು ನೀನು ಹೇಳು, ನನ್ನದನ್ನು ನಾನು ಹೇಳ್ತೇನೆ. ಇನ್ನೊಬ್ಬರ ತಪ್ಪು ಕದಿಯುವ ಅಭ್ಯಾಸ ನನಗಿಲ್ಲ.”

ಮುಖ್ಯ ಕಚೇರಿಯ ನಿರ್ದೇಶಕರು ಒಳ್ಳೆಯ ಮನುಷ್ಯರೇ. ಚಾಯ ತರಿಸಿದರು, ಕೇಳಿಸಿಕೊಂಡರು, ಹಣೆ ಒತ್ತಿಕೊಂಡರು. “ಎಂದಿನಾ ಸಾರೇ ಇದೊಕ್ಕೆ?” ಎಂದರು, ಯಾಕೆ ಸಾರ್ ಇದೆಲ್ಲ ಎಂಬ ದನಿಯಲ್ಲಿ. ವಿನ್ಯಾಸದಲ್ಲಿ ಬೇಕಾದಷ್ಟು ಉಳಿಕೆ ಶಕ್ತಿಯಿದೆ. ಕಂಪ್ಯೂಟರಿನ ಲೆಕ್ಕವೂ ಸರಿಯಿದೆ. ಕ್ಯೂಬೂ ಗಟ್ಟಿ. ಉದ್ಘಾಟನೆ ಆಗಿಹೋಗಲಿ, ಒಂದು ತಿಂಗಳು ಬಿಟ್ಟು ಸದ್ದಿಲ್ಲದೆ ಇನ್ನೊಮ್ಮೆ ಪರೀಕ್ಷೆ ಮಾಡಿದರಾಯಿತು. ಲ್ಯಾಬಿನ ಆದೇಶದ ಕಡತ ಇದೇ ಮೇಜಿನ ಮೇಲಿದೆ, ಈ ವಾರವೇ ವರದಿ ಹಿಂತೆಗೆದುಕೊಂಡರೆ ಮೇಲಿನವರಿಗೆ ನಾನೇನು ಹೇಳಲಿ? ಅಷ್ಟೂ ಬೇಕೆಂದಿದ್ದರೆ ಉಪಕರಣದ ದೋಷ ಎಂದು ಒಂದು ಸಾಲು ಬರೆದುಬಿಡಿ.

ಸಾರ್ ಮಲಯಾಳದಲ್ಲಿ ಮೆಲ್ಲನೆ ಹೇಳಿದರು: “ಡಯಲ್ ಪಾಪ ಏನು ಮಾಡಿತು? ನಾವು ನಿಲ್ಲಿಸಿದ ಕಡೆ ನಿಂತಿತು.”

“ಹಾಗಾದರೆ ಯಾರು ಮಾಡಿದ್ದು?”

ಸಾರ್ ನನ್ನ ಕಡೆ ನೋಡಲಿಲ್ಲ. ಚಾವಣಿಯ ತೊಲೆಯನ್ನು ನೋಡುತ್ತ ಕೂತರು. ಅವರು ನನ್ನನ್ನು ಕಾಪಾಡುತ್ತಾರೆಂದು ನಾನು ಆ ಕ್ಷಣದವರೆಗೂ ಒಳಗೆಲ್ಲೋ ನಂಬಿದ್ದೆ. ಅವರು ಕಾಪಾಡಲಿಲ್ಲ.

“ನಾನು,” ಎಂದೆ.

“ಹೋಗದೆ, ನೋಡದೆ ಸಹಿ ಹಾಕಿದ್ದು ನಾನು,” ಎಂದರು ಸಾರ್ ತಕ್ಷಣ. “ಅದು ಇವಳದ್ದಕ್ಕಿಂತ ದೊಡ್ಡದು. ಇವಳಿಗಾದರೆ ಒಬ್ಬಳೇ ನಿಂತು ಮಾಡಿಸಿದ ಅನುಭವ ಕಮ್ಮಿ, ನನಗೆ ಏನು ಕಮ್ಮಿಯಾಗಿತ್ತು?”

ವರದಿ ವಾಪಸಾಯಿತು. ಉದ್ಘಾಟನೆ ಮುಂದಕ್ಕೆ ಹೋಯಿತು. ಎರಡನೆಯ ಸಲ ಟೆಸ್ಟಿಗೆ ದೋಣಿಯಲ್ಲಿ ಹೋಗುವಾಗ, ತೊಡೆಯ ಮೇಲೆ ಗ್ಯಾಸ್ ಸಿಲಿಂಡರ್ ತಬ್ಬಿಕೊಂಡು ಕೂತಿದ್ದ ದ್ವೀಪದ ಅಮ್ಮನೊಬ್ಬಳು, ಸೇತುವೆ ಕಟ್ಟಲು ಎರಡು ವರ್ಷ, ಅಳೆಯಲು ನಾಲ್ಕು ವರ್ಷವೇ ಎಂದು ನನಗೆ ಕೇಳುವ ಹಾಗೆ ದೋಣಿಯವನಿಗೆ ಹೇಳಿದಳು. ಅವನು ನನ್ನ ಮುಖ ನೋಡಿ ಹುಟ್ಟು ಜೋರಾಗಿ ಹಾಕಿದ. ಅವನು ಹಲಗೆಯ ಮೇಲೆ ಕಾಲು ತೊಳೆದದ್ದನ್ನೂ ತಪ್ಪುಗಳ ಪುಟದಲ್ಲಿ ಸೇರಿಸಿದ್ದೆ. ಸಾರ್ ಹೊಡೆದು ಹಾಕಿದರು. ತೊಳೆಯಬೇಡ ಎಂದು ಅವನಿಗೆ ಯಾರು ಹೇಳಿದ್ದರು?

ಈ ಸಲ ಹಲಗೆಯ ಬದಲು ಮರದ ಗೂಟಗಳನ್ನು ಗಟ್ಟಿನೆಲ ಸಿಗುವ ತನಕ ಇಳಿಸಿ, ಅವುಗಳ ಮೇಲೆ ಪೈಪು ನಿಲ್ಲಿಸಿದೆವು. ಸೋಮಾರಿ ತನ್ನ ಜಾಗದಲ್ಲಿ ಕೂತ, ಎರಡು ದಿನವೂ ಸೊನ್ನೆ ಬಿಟ್ಟು ಅಲುಗಲಿಲ್ಲ. ಸಾರ್ ಅಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಸೇತುವೆ ಪಾಸಾಯಿತು. ಮೊದಲಿನಂತೆ ರ‍್ಯಾಂಕಲ್ಲ, ಸಾಧಾರಣ ಸೆಕೆಂಡ್ ಕ್ಲಾಸು. ಹಾಗಾದರೆ ಇಷ್ಟೆಲ್ಲ ರಾದ್ಧಾಂತ ಯಾಕೆ ಬೇಕಿತ್ತು ಎಂದು ಎಲ್ಲರೂ ಕೇಳಿದರು. “ಪಾಸು ಅಂತ ಈಗ ಗೊತ್ತಾಯ್ತಲ್ಲ,” ಎಂದರು ಸಾರ್. ಲ್ಯಾಬಿನ ಹುದ್ದೆ ಬೇರೆಯವರಿಗೆ ಹೋಯಿತು. ಅದರ ಬಗ್ಗೆ ಅವರು ನನ್ನ ಮುಂದೆ ಒಂದು ಮಾತೂ ಆಡಲಿಲ್ಲ. ನಿವೃತ್ತಿಯ ದಿನ ಎಡಪ್ಪಳ್ಳಿಯ ಹೋಟೆಲಿನಲ್ಲಿ ಬಿರಿಯಾನಿ ತಿಂದು, ಅಕ್ಕಿ ಸರಿಯಾಗಿ ಕ್ಯೂರ್ ಆಗಿಲ್ಲ ಎಂದು ತೀರ್ಪು ಕೊಟ್ಟು, ಕೊಡೆ ಮರೆತು ಹೊರಟರು. ಅರ್ಧ ದಾರಿಯಿಂದ ಕೊಡೆಗಾಗಿ ಮರಳಿ ಬಂದರು.

ಕೆಲವು ವರ್ಷಗಳ ಮೇಲೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಅದೇ ಲ್ಯಾಬಿಗೆ, ಕಾಲಕ್ರಮದಲ್ಲಿ ಅದೇ ಕುರ್ಚಿಗೆ. ನನ್ನಿಂದಾಗಿ ಅವರಿಗೆ ತಪ್ಪಿದ ಕುರ್ಚಿಯಲ್ಲಿ ನಾನು ಕೂತೆ. ಮೊದಲ ತಿಂಗಳು ಅದರ ತುದಿಯಲ್ಲಿ ಕೂರುತ್ತಿದ್ದೆ, ಆಮೇಲೆ ಅಭ್ಯಾಸವಾಯಿತು. ಇಲ್ಲೇ ಮನೆ, ಇಲ್ಲೇ ಸಂಸಾರ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ.

ಈ ವರ್ಷದ ಆರಂಭದಲ್ಲಿ ಸಾರ್ ಹೃದಯದ ತಪಾಸಣೆಗೆಂದು ತಿರುವನಂತಪುರಕ್ಕೆ ಬಂದವರು ಹೇಳದೆ ಕೇಳದೆ ಲ್ಯಾಬಿಗೆ ಬಂದರು. ತೆಳ್ಳಗಾಗಿದ್ದರು. ಒಂದು ಗರ್ಡರು ಬಗ್ಗುತ್ತಿತ್ತು, ಅದರ ಮುಂದೆ ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ನನ್ನ ಕೋಣೆಗೆ ಬಂದು ಕೂತರು. ನಾನು ಇಷ್ಟು ವರ್ಷ ಕಟ್ಟಿಕೊಂಡಿದ್ದ ಮಾತು ಹೇಳಿಯೇಬಿಟ್ಟೆ. “ಸಾ, ಈ ಕುರ್ಚಿ ನಿಮ್ಮದು. ನನ್ನಿಂದ ತಪ್ಪಿಹೋಯ್ತು.”

ಮೇಜಿನ ಮೇಲೆ ಆ ಬೆಳಗ್ಗೆ ನಾನು ಸಹಿ ಮಾಡಿದ್ದ ವರದಿಯಿತ್ತು, ಊರಾಚೆ ಒಂದು ಹೊಳೆಗೆ ಕಟ್ಟಿದ ಸಣ್ಣ ಸೇತುವೆಯದು. ಅವರು ಅದನ್ನು ಎಳೆದುಕೊಂಡು ಹಾಳೆ ತಿರುವಿದರು.

“ಅಲ್ಲಿ ಚಾಯ ಎಲ್ಲಿ ಕುಡಿದೆ?”

“ಯಾಕೆ ಸಾ?”

“ಸುಮ್ಮನೆ ಕೇಳಿದೆ. ಸೇತುವೆಯ ಆಚೆ ಬದಿಯಾ, ಈಚೆ ಬದಿಯಾ, ಅಂಗಡಿ?”

ನನಗೆ ಗೊತ್ತಿರಲಿಲ್ಲ. ಹುಡುಗರು ಹೋಗಿ ಟೆಸ್ಟ್ ಮಾಡಿ ಬಂದಿದ್ದರು, ಲೆಕ್ಕವೆಲ್ಲ ಸರಿಯಿತ್ತು, ಸೋಮಾರಿಯ ಸೊನ್ನೆಗಳೂ ಇದ್ದವು. ನಾನು ಹೋಗಿರಲಿಲ್ಲ. ನೆಲದೊಳಗೆ ಇಳಿದುಹೋಗಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು. ಸಾರ್ ವರದಿಯನ್ನು ಕಂಕುಳಿಗೆ ಸೇರಿಸಿ ಎದ್ದರು.

“ಏಳು. ಇನ್ನೂ ಬೆಳಕುಂಟು.”

ನನ್ನ ಕಾರಿನಲ್ಲಿ ಮುಕ್ಕಾಲು ಗಂಟೆ. ದಡ ಕಡಿದಾಗಿತ್ತು. ಅವರು ಎರಡು ಹೆಜ್ಜೆ ಇಳಿದು, ಎದೆ ಹಿಡಿದು ನಿಂತು, ಮತ್ತೆ ಮೇಲೆ ಹತ್ತಿದರು. ಸೇತುವೆಯ ತಡೆಗೋಡೆಗೆ ಒರಗಿ, “ನೀನು ಇಳಿ, ನಾನು ಇಲ್ಲೇ ಇರ್ತೇನೆ,” ಎಂದರು. ಇಷ್ಟು ವರ್ಷದಲ್ಲಿ ಅವರು ಮೇಲೆ, ನಾನು ಕೆಳಗೆ ಎಂದು ಆದದ್ದು ಅದೇ ಮೊದಲು. ಸೀರೆ ಎತ್ತಿ ಕಟ್ಟಿ ಇಳಿದೆ.

“ಬೇರಿಂಗ್ ಕಾಣ್ತದಾ?” ಮೇಲಿನಿಂದ ದನಿ. ಗರ್ಡರೂ ಪಿಯರೂ ಸೇರುವಲ್ಲಿರುವ ರಬ್ಬರಿನ ದಿಂಬುಗಳನ್ನು ಕೇಳುತ್ತಿದ್ದರು.

“ಕಾಣುತ್ತೆ ಸಾ. ನಾಲ್ಕೂ ನೆಟ್ಟಗಿವೆ.”

“ಪೈಪು ನಿಂತಿದ್ದ ನೆಲ?”

“ಬಂಡೆ ಸಾ. ಗುರುತು ಇದೆ.”

“ಬಡಿದು ನೋಡು. ನನಗೆ ಕೇಳ್ಬೇಕು.”

ಕಲ್ಲೊಂದು ಎತ್ತಿ ಗರ್ಡರಿಗೆ ಬಡಿದೆ. “ಇನ್ನೊಂದು ಸಲ,” ಎಂದರು. ಮತ್ತೆ ಬಡಿದೆ. ತಪ್ಪೇನೂ ಇರಲಿಲ್ಲ. ವರದಿಯಲ್ಲಿ ಇದ್ದದ್ದೆಲ್ಲ ಅಲ್ಲಿ ಇದ್ದ ಹಾಗೆಯೇ ಇತ್ತು, ಒಂದಕ್ಷರ ತಿದ್ದುವಂತಿರಲಿಲ್ಲ.

ಮೇಲೆ ಹತ್ತಿ ಬಂದಾಗ ಅವರು ತಡೆಗೋಡೆಯ ಮೇಲೆ ವರದಿಯ ಕೊನೆಯ ಹಾಳೆ ಬಿಡಿಸಿ, ಗಾಳಿಗೆ ಹಾರದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಪೆನ್ನು ಇತ್ತು.

“ಈಗ ಸಹಿ ಹಾಕು,” ಎಂದರು.

ಬೆಳಗಿನ ಸಹಿಯ ಕೆಳಗೆ ಇನ್ನೊಂದು ಸಹಿ ಹಾಕಿದೆ, ಕೈಯ ಕೆಸರು ಹಾಳೆಗೂ ತಾಗಿತು. ಅವರು ತೀರಿಕೊಂಡು ಈಗ ಹದಿನೈದು ದಿನ. ಕಡತ ನೋಡಿದ ಗುಮಾಸ್ತ ನಿನ್ನೆ ಬಂದು, ಮೇಡಂ, ಇದರಲ್ಲಿ ನಿಮ್ಮ ಎರಡು ಸಹಿ ಇದೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ. ಕೆಳಗಿನದು ಎಂದೆ.